ನಾಲ್ಕನೆಯ ಹಕ್ಕಿ

ಕಡಲಿಗೆ ಚಾಚಿದ ಗುಡ್ಡದ ತುದಿಯಲ್ಲಿ ವಲಸೆ ಬರುವ ಮತ್ತೊಂದು ಉಲ್ಲಂಕಿ ಹಕ್ಕಿ ಸೋತು ಬಂದು ಬಿದ್ದಾಗ, ಯಮುನಕ್ಕ ಆಗಲೇ ಮೂರು ಹಕ್ಕಿಗಳನ್ನು ಕೈಯಲ್ಲಿ ಹಿಡಿದು ಅವುಗಳ ದಣಿವನ್ನು ತನ್ನ ಮೈಗೆ ಇಳಿಸಿಕೊಂಡಿದ್ದಳು. ಒಬ್ಬರಿಗೆ ದಿನಕ್ಕೆ ಮೂರೇ ಎಂದು ಅರಣ್ಯ ಇಲಾಖೆಯ ಬೋರ್ಡಿದೆ. ಹತ್ತಿರದ ಹಕ್ಕಿಯ ದಣಿವು ಮೊಣಕಾಲಲ್ಲಿ ಕೂರುತ್ತದೆ. ದೂರದ್ದಾದರೆ ಕಣ್ಣಿಗೇರುತ್ತದೆ, ಮನೆಗೆ ಹೋಗಿ ಅನ್ನಕ್ಕಿಡಲೂ ಆಗುವುದಿಲ್ಲ.

"ಬ್ಯಾಡ ಅಕ್ಕ. ನಿನ್ ಮುಖ ನೋಡ್ಕೊ," ಎಂದಳು ಜೊತೆಯ ನೇತ್ರಾವತಿ. ಅವಳದ್ದೂ ಮೂರು ಮುಗಿದಿತ್ತು. ಗುಡ್ಡದಂಚಿನ ಗೋಡೆಗೆ ಒರಗಿದವಳಿಗೆ ಏಳುವ ತ್ರಾಣವಿರಲಿಲ್ಲ.

ಗುಡ್ಡ ನೋಡಲು ಬಂದವರು ಮೊಬೈಲು ಎತ್ತಿ ನಿಂತಿದ್ದರು. "ಸತ್ತೋಯ್ತಾ?" ಎಂದು ಒಬ್ಬರು ಕೇಳಿದರು.

"ಇಲ್ಲ. ನೀವೇ ಒಂದ್ಸಲ ಹಿಡೀತ್ರಾ?" ಎಂದಳು ಯಮುನಕ್ಕ.

ಎಲ್ಲರೂ ಒಂದು ಹೆಜ್ಜೆ ಹಿಂದೆ ಸರಿದರು. ನಾಳೆ ಅವರಿಗೆಲ್ಲ ಕೆಲಸವಿತ್ತು.

ಮೇಲೆ ಕಡಲ ಹದ್ದು ಸುತ್ತುತ್ತಿತ್ತು. ಯಮುನಕ್ಕ ಬಂಡೆ ಹಿಡಿದುಕೊಂಡು ಇಳಿದು, ಮುಷ್ಟಿಯಷ್ಟಿದ್ದ ಹಕ್ಕಿಯನ್ನು ಎರಡೂ ಕೈಯಲ್ಲಿ ಮುಚ್ಚಿ ಹಿಡಿದಳು. ಎಲ್ಲಿಯದೋ ಮಂಜಿನ ಸೀಮೆಯದು. ಅದರ ಎದೆಬಡಿತ ಹದಕ್ಕೆ ಬಂದಂತೆ ಅವಳ ರೆಪ್ಪೆ ಇಳಿಯಿತು. ಕೈ ಬಿಚ್ಚಿದ್ದೇ ತಡ, ಹಕ್ಕಿ ದಕ್ಷಿಣಕ್ಕೆ ಹಾರಿತು. ಜನ ಚಪ್ಪಾಳೆ ತಟ್ಟಿ ಬಸ್ಸಿನತ್ತ ನಡೆದರು.

ಯಮುನಕ್ಕ ಕೈಯೂರಿ ಮೇಲೆ ಬರುವಷ್ಟರಲ್ಲಿ ಸಾಕುಸಾಕಾಗಿತ್ತು. ಗೋಡೆಯ ಬುಡದಲ್ಲಿ ಕುಸಿದಳು. ಪಕ್ಕದಲ್ಲಿದ್ದ ನೇತ್ರಾವತಿ ಅಂಗೈ ಚಾಚಿದಳು.

"ಅಕ್ಕ, ಕೈ ಕೊಡು."

"ಮನುಷ್ಯರದ್ದು ಮನುಷ್ಯರಿಗೆ ಇಳಿಯೂದಿಲ್ಲ, ಗೊತ್ತಿಲ್ವೇನೆ?"

"ಗೊತ್ತದೆ. ನೀ ಕೊಡು."