ಪಾರ್ಥೇನಿಯಂ ಪೊದೆಯಲ್ಲಿ

ಪಾರ್ಥೇನಿಯಂ ಹೂ ಬಿಟ್ಟಿತೆಂದರೆ ಆ ಊರಿಗೆ ಊರೇ ಸೀನುತ್ತಿತ್ತು. ಹೊಡೆಯಲು ಬಂದ ಗಂಡನಿಂದ ಹೆಗಲ ಚೀಲದ ಸಮೇತ ತಪ್ಪಿಸಿಕೊಂಡ ನೀಲವ್ವ, ಎದೆಯೆತ್ತರ ಬೆಳೆದಿದ್ದ ಅದೇ ಗಿಡಗಳ ನಡುವೆ ಅಡಗಿ ಕುಳಿತಿದ್ದಳು. ಹೂವಿನ ಪುಡಿ ಮೂಗಿಗೇರಿ ಸೀನು ಒತ್ತರಿಸಿ ಬಂತು. ಬಾಯಿಗೆ ಸೆರಗು ತುರುಕಿಕೊಂಡಳು.

“ಎಲ್ಲಿ ಅಡಗೀದಿ? ಸಿಕ್ಕರ ಜೀವಂತ ಬಿಡಂಗಿಲ್ಲ!”

ಬಡಿಗೆಯಿಂದ ಗಿಡಗಳನ್ನು ಬಡಿಯುತ್ತಾ ಅವನು ಹತ್ತಿರ ಬಂದ. ಪುಡಿ ಮುಗಿಲಿನಂತೆ ಎದ್ದಿತು. ತಡೆಯಲಾರದೆ ನೀಲವ್ವ ಸೀನಿಬಿಟ್ಟಳು.

ಅವನು ತಿರುಗಿ ಬಡಿಗೆ ಎತ್ತಿದ. ಅಷ್ಟರಲ್ಲಿ ಕೆಮ್ಮು ಹತ್ತಿ, ಉಸಿರು ಕಟ್ಟಿ, ಅವಳೆದುರೇ ಮೊಣಕಾಲೂರಿ ಕುಸಿದ.

“ನೀಲಾ... ಉಬ್ಬಸದ ಪಂಪ್... ನಿನ್ನ ಚೀಲದಾಗ ಐತಿ... ಕೊಡ...”

ನೀಲವ್ವ ಚೀಲದಿಂದ ಪಂಪ್ ಹೊರತೆಗೆದು ಗಟ್ಟಿಯಾಗಿ ಹಿಡಿದುಕೊಂಡಳು.

“ಮೊದಲ ಬಡಿಗಿ ಇತ್ತ ಕೊಡ್ರಿ.”