ಕೋಟಿನ ಒಳಮೈ

"ಈ ವರ್ಷನಾದ್ರೂ ಫಾದರ್ ಹತ್ರ ಹೊಸ ಪಾಪ ಹೇಳ್ತೀರೋ? ಅದೇ ಹಳೇ ಸಿಟ್ಟು, ಅದೇ ಪ್ರಾರ್ಥನೆ ಮರೆತಿದ್ದು. ಅವರಿಗೂ ಬಾಯಿಪಾಠ ಆಗಿರುತ್ತೆ" ಎಂದಳು ಟೈಲರನ ಹೆಂಡತಿ, ಗುಂಡಿ ಹಚ್ಚುತ್ತ.

ಈಸ್ಟರಿಗೆ ಮುಂಚಿನ ತಪಸ್ಸುಕಾಲ ಮುಗಿಯುತ್ತ ಬಂದಿತ್ತು. ಸಂಜೆ ಪಾಪನಿವೇದನೆಗೆ ಹೋಗಬೇಕು.

"ನಾಲ್ಕು ದಿನದಿಂದ ಮನಸ್ಸೆಲ್ಲ ಜಾಲಾಡ್ತಿದೀನಿ ಕಣೇ. ಏನೂ ಸಿಗ್ತಿಲ್ಲ."

"ಕನ್ನಡಕ ಹಾಕ್ಕೊಂಡು ಹುಡುಕಿ."

ಟೈಲರ್ ನಕ್ಕು ಕನ್ನಡಕ ಏರಿಸಿದ. ರಿಪೇರಿಗೆ ಬಂದಿದ್ದ ಹಳೇ ಕೋಟಿನ ತೋಳಿನ ಲೈನಿಂಗ್ ಬಿಚ್ಚತೊಡಗಿದ. ಕೋಟು ಇದೇ ಅಂಗಡಿಯದು. ಹನ್ನೆರಡು ವರ್ಷದ ಹಿಂದೆ ಇದರ ತೋಳು ಎರಡಿಂಚು ಗಿಡ್ಡವಾಗಿ, ಗಿರಾಕಿ ಜನರೆದುರು ಕೂಗಾಡಿದ್ದ. ಬಟ್ಟೆಯ ಮೇಲೆ ಅಳತೆ ಬರೆದವನು ಟೈಲರ್, ಕತ್ತರಿ ಹಿಡಿದವನು ತಮ್ಮ. "ನಾನು ಇಪ್ಪತ್ನಾಲ್ಕು ಅಂತಾನೇ ಬರೆದಿದ್ದೆ. ಇವನಿಗೆ ಕಣ್ಣಿಲ್ಲ" ಎಂದುಬಿಟ್ಟಿದ್ದ ಟೈಲರ್. ತಮ್ಮ ಅಲ್ಲೇ ಕೂತು ಲೈನಿಂಗ್ ಬಿಚ್ಚಿ, ತುದಿಗೆ ಪಟ್ಟಿ ಕೊಟ್ಟು ತೋಳು ಉದ್ದ ಮಾಡಿದ್ದ. ಮರುದಿನ ಕೆಲಸಕ್ಕೆ ಬರಲಿಲ್ಲ. ತಿಂಗಳೊಳಗೆ ರಸ್ತೆಯಾಚೆ ಅವನದೇ ಅಂಗಡಿ ತೆರೆಯಿತು. ಅಂದಿನಿಂದ ಅಣ್ಣ ತಮ್ಮನಿಗೆ ಮಾತಿಲ್ಲ.

ಕೊನೆಯ ಹೊಲಿಗೆ ಕಿತ್ತಾಗ ಬಟ್ಟೆಯ ಒಳಮೈಯಲ್ಲಿ ನೀಲಿ ಪೆನ್ಸಿಲ್ ಬರಹ ಕಂಡಿತು: 'ತೋಳು 22'. ಎರಡರ ಬಾಲವನ್ನು ಅಷ್ಟುದ್ದ ಎಳೆಯುವವನು ಟೈಲರ್ ಒಬ್ಬನೇ.

"ಸಿಕ್ತಾ?" ಹೆಂಡತಿ ತಲೆಯೆತ್ತದೆ ಕೇಳಿದಳು.

"ಸಿಕ್ತು."

ಅವನ ದನಿಗೆ ಬೆದರಿ ಎದ್ದು ಬಂದು ನೋಡಿದಳು. ಹೊಸ ಲೈನಿಂಗ್ ಹಾಕಿದರೆ ಇನ್ನು ಹನ್ನೆರಡು ವರ್ಷ ಯಾರಿಗೂ ಕಾಣದು. ಟೈಲರ್ ಬಟ್ಟೆಯ ಸುರುಳಿಗೆ ಕೈ ಹಾಕಿದ. ಆಮೇಲೆ ಕೈ ತೆಗೆದ.

"ಸಂಜೆ ಫಾದರ್‌ಗೆ ಹೇಳ್ತೀನಿ" ಎಂದ.

"ಚರ್ಚು ದೂರ. ಮೊದಲು ಹತ್ತಿರದ್ದು ಮುಗಿಸ್ಕೊಂಡು ಬನ್ನಿ."

ಕೋಟನ್ನು ಹಾಗೇ ಒಳಹೊರಗಾಗಿ ಹಿಡಿದು ಟೈಲರ್ ರಸ್ತೆ ದಾಟಿದ. ತಮ್ಮನ ಮೆಷಿನ್ ನಿಂತಿತು. ಅವನ ಮುಂದೆ ತೋಳು ಹರವಿ, "ತಪ್ಪು ನಂದು ಕಣೋ. ಈಗ ನೋಡಿದೆ" ಎಂದ.

ತಮ್ಮ ತೋಳಿನ ಕಡೆ ಕಣ್ಣೂ ಹಾಯಿಸಲಿಲ್ಲ. ಕಾಲಿನಿಂದ ಸ್ಟೂಲನ್ನು ಅಣ್ಣನ ಕಡೆ ತಳ್ಳಿದ.

"ನಾನು ಆವತ್ತೇ ನೋಡಿದ್ದೆ ಅಣ್ಣ. ಅಂಗಡಿ ತುಂಬ ಜನ ಇದ್ರಲ್ಲ, ಅದಕ್ಕೇ ಮುಚ್ಚಿ ಹೊಲ್ದೆ."