ಮೇಲಿನ ಹೊದಿಕೆ

"ನೋಡು, ಕಲ್ಲೇ ಬಾಯಿಬಿಟ್ಟು ಹೇಳ್ತಿದೆ!" ಎಂದರು ಪ್ರೊಫೆಸರ್ ವೆಂಡೆಲಿನ್. ಶಿಖರದ ಹುಲ್ಲಿನಲ್ಲಿ ಅರ್ಧ ಹೂತಿದ್ದ ಹಾಸುಗಲ್ಲಿನ ಮೇಲೆ ಅವರು ಬಿಟ್ಟ ಆಮ್ಲದ ಹನಿ, ಸುಣ್ಣಗಲ್ಲಿನ ಗುರುತಾಗಿ, ಬುಸುಬುಸು ನೊರೆಯಾಯಿತು. ಕಲ್ಲಿನ ಬೂದು ಮೈತುಂಬ ಕಪ್ಪು ಚುಕ್ಕೆಗಳಿದ್ದವು, ಒಂದು ಮೂಲೆಯಲ್ಲಿ ಉಳಿಯ ಹಳೆಯ ಗಾಯವಿತ್ತು. "ಮೂವತ್ತೊಂಬತ್ತನೇ ಇಸವಿಯಲ್ಲಿ ನಾನು ಶಂಖದ ಅಚ್ಚು ತೆಗೆದದ್ದು ಇಲ್ಲಿಂದಲೇ. ಈ ಚುಕ್ಕೆಗಲ್ಲು ಕೆಳಹೊದಿಕೆಯಲ್ಲಿ ಬಿಟ್ರೆ ಇನ್ನೆಲ್ಲೂ ಇಲ್ಲ. ಇನ್ನೇನು ಬೇಕಮ್ಮಾ ನಿನಗೆ?"

ಒಟೀಲಿಯಾ ಅವರ ಹಳೆಯ ಶಿಷ್ಯೆ, ಈಗ ಭೂನಕ್ಷೆ ಕಚೇರಿಯಲ್ಲಿ ಕೆಲಸ. ಮೂರು ಬೇಸಿಗೆ ಕಾಲು ಸವೆಸಿ ಬರೆದ ನಕ್ಷೆ ಅವಳ ಚೀಲದಲ್ಲಿತ್ತು. ಫಾತ್ರಾ ಬೆಟ್ಟಸಾಲೆಂದರೆ ಒಂದರ ಮೇಲೊಂದು ಹೊದೆಸಿದ ಕಲ್ಲಿನ ಕಂಬಳಿಗಳು. ಅಡಿಯಲ್ಲಿ ಗಟ್ಟಿ ಬುಡ, ಅದರ ಮೇಲೆ ದಕ್ಷಿಣದಿಂದ ಜಾರಿಬಂದ ಕೆಳಹೊದಿಕೆ, ಅದರ ಮೇಲೆ ಇನ್ನೂ ದೂರದಿಂದ ಬಂದ ಮೇಲ್ಹೊದಿಕೆ. ಈ ಶಿಖರಕ್ಕೆ ಅವಳು ಮೇಲ್ಹೊದಿಕೆಯ ಗುಲಾಬಿ ಬಣ್ಣ ಬಳಿದಿದ್ದಳು. ಪ್ರೊಫೆಸರು ಎರಡು ಸಲ ಅದನ್ನು ಅಳಿಸಿ, ಕೆಳಹೊದಿಕೆಯ ನೀಲಿ ಬಳಿದು ಕಳಿಸಿದ್ದರು. ಇವತ್ತು ತೀರ್ಮಾನವಾಗದಿದ್ದರೆ ಸೋಮವಾರ ನಕ್ಷೆ ಅಚ್ಚಿಗೆ ಹೋಗುತ್ತದೆ, ಬಣ್ಣ ಅವರದು, ಹೆಸರು ಅವಳದು. ತಾನು ನಂಬದ ಬಣ್ಣಕ್ಕೆ ಹೆಸರು ಕೊಡುವುದಕ್ಕಿಂತ ಕೆಲಸ ಬಿಡುವುದೇ ಮೇಲು ಎಂದು ಅವಳು ಬೆಳಗ್ಗೆಯೇ ಗಟ್ಟಿ ಮಾಡಿಕೊಂಡಿದ್ದಳು.

ಬಣ್ಣಕ್ಕಾಗಿ ಜಗಳವಾದರೆ ಇಬ್ಬರೂ ಆ ಕಲ್ಲಿನ ಮೇಲೇ ಹೋಗಿ ನಿಲ್ಲಬೇಕು ಎನ್ನುವುದು ಈ ಕಸುಬಿನವರ ಕಟ್ಟಳೆ. ಎಪ್ಪತ್ತೆರಡರ ಮುದುಕರು, ಮಂಡಿ ಬೇರೆ ಕೈಕೊಟ್ಟಿದೆ, ಅವರೆಲ್ಲಿ ಬರುತ್ತಾರೆ ಎಂದು ಕಚೇರಿಯವರು ನಕ್ಕಿದ್ದರು. ಅವರು ಬಂದರು. ನಾಲ್ಕು ಗಂಟೆ ಕಾಲ ಅವಳನ್ನು ಬೈಯುತ್ತಲೇ ಹತ್ತಿದರು, ಒಮ್ಮೆಯೂ ಕೂರಲಿಲ್ಲ. ಅದನ್ನು ಕಂಡು ಒಟೀಲಿಯಾಗೆ ಅವರ ಮೇಲೆ ಗೌರವ ಹೆಚ್ಚಿತು. ಹಟವೂ ಹೆಚ್ಚಿತು.

"ಈ ಕಲ್ಲಿಗೆ ಬುಡ ಇಲ್ಲ ಮೇಷ್ಟ್ರೇ," ಎಂದಳು. "ಸುತ್ತ ಒಂಬತ್ತು ಗುಂಡಿ ತೋಡಿದೀನಿ. ಒಂಬತ್ತರಲ್ಲೂ ಸಿಕ್ಕಿದ್ದು ಮೇಲ್ಹೊದಿಕೆಯ ಪುಡಿಪುಡಿ ಡೊಲೊಮೈಟ್ ಕಲ್ಲೇ."

"ಡೊಲೊಮೈಟ್ ಕೆಳಹೊದಿಕೆಯಲ್ಲೂ ಇದೆ. ಮೊದಲನೇ ವರ್ಷದ ಪಾಠ ಮರೆತುಬಿಟ್ಯಾ?"

"ಇಲ್ಲ. ಪಾಠ ಮಾಡಿದ್ದು ನೀವೇ." ಅವಳು ಸುತ್ತಿಗೆಯಿಂದ ಕಲ್ಲನ್ನು ತಟ್ಟಿದಳು. ಟೊಳ್ಳು ಸದ್ದು ಬಂತು. ಸನ್ನೆಕೋಲು ತೆಗೆದು ಕಲ್ಲಿನ ಅಂಚಿಗೆ ತುರುಕಿದಳು.

"ಏಯ್, ಮುಟ್ಟಬೇಡ! ನನ್ನ ಇಡೀ ವಿಂಗಡಣೆ ಆ ಕಲ್ಲಿನ ಮೇಲೆ ನಿಂತಿದೆ."

"ಹಾಗಿದ್ರೆ ಭಯ ಯಾಕೆ ಮೇಷ್ಟ್ರೇ? ಅದು ಬೆಟ್ಟಾನೇ ಆಗಿದ್ರೆ ನನ್ನ ಕೈಲಿ ಏಳುತ್ತಾ?"

ಎದ್ದಿತು. ಮೂರನೇ ಒತ್ತಿಗೆ ಹಾಸುಗಲ್ಲು ಅಂಚಿನ ಮೇಲೆ ವಾಲಿ ನಿಂತಿತು. ಅಡಿಯಲ್ಲಿ ಬಿಳಿಚಿದ ಹುಲ್ಲಿನ ಬೇರು, ಒಂದು ಎರೆಹುಳು, ಅದರ ಕೆಳಗೆ ಅದೇ ಪುಡಿ ಡೊಲೊಮೈಟ್. ಪ್ರೊಫೆಸರ್ ಬಗ್ಗಿ ನೋಡಿದರು. ಮತ್ತೆ ನೋಡಿದರು. ಇಷ್ಟು ದೊಡ್ಡ ಚಪ್ಪಡಿ ಬೆಟ್ಟದ ನೆತ್ತಿಗೆ ತಾನಾಗಿ ನಡೆದು ಬಂತೇ ಎಂದು ಕೇಳಲು ಬಾಯಿ ತೆರೆಯುವಷ್ಟರಲ್ಲಿ ಇಳಿಜಾರಿನಿಂದ ಕೂಗು ಕೇಳಿಸಿತು.

"ಆ ಕಲ್ಲೇನ್ರೀ ಮಾಡಿತ್ತು ನಿಮಗೆ?" ಕುರಿದೊಡ್ಡಿಯ ಯಜಮಾನ ಯೊನಾಶ್ ಕೋಲು ಬೀಸುತ್ತ ಬಂದ. "ನಮ್ಮಜ್ಜ ಕೆಳಗಿನ ಹಳ್ಳದಿಂದ ಕತ್ತೆ ಮೇಲೆ ಹೇರ್ಕೊಂಡು ತಂದಿದ್ದು ಅದು! ಕುರಿಗೆ ಉಪ್ಪು ಎಲ್ಲಿ ಹಾಕ್ಲಿ ಈಗ, ನಿಮ್ಮ ಟೋಪೀಲಾ?"

"ಉಪ್ಪು ಹಾಕೋಕೆ ಇಲ್ಲೇ ಕಲ್ಲಿರಲಿಲ್ವಾ?" ಪ್ರೊಫೆಸರ್ ಮೆಲ್ಲಗೆ ಕೇಳಿದರು.

"ಇಲ್ಲಿರೋದನ್ನ ಕಲ್ಲು ಅಂತಾರಾ? ಹಿಸುಕಿದ್ರೆ ಸಕ್ಕರೆ ಥರ ಉದುರುತ್ತೆ. ನನ್ನ ಕುರಿ ಉಪ್ಪು ನೆಕ್ಕಬೇಕಾ, ಮರಳು ತಿನ್ನಬೇಕಾ?"

ಪ್ರೊಫೆಸರ್ ವಾಲಿದ ಕಲ್ಲಿನ ಮೇಲ್ಮೈಯನ್ನು ಸವರಿದರು. ಕೈ ಜಾರುವಷ್ಟು ನುಣುಪು. ಅದು ಗಾಳಿಮಳೆಯ ಕೆಲಸವೆಂದು ಅವರು ಪುಸ್ತಕದಲ್ಲಿ ಬರೆದಿದ್ದರು. ಮೂರು ತಲೆಮಾರಿನಿಂದ ಕುರಿಗಳು ನೆಕ್ಕಿದ್ದೆಂದು ಬರೆದಿರಲಿಲ್ಲ. ಒಟೀಲಿಯಾಗೆ ಗೆದ್ದ ಖುಷಿಯಾಯಿತು. ಮುದುಕರು ಆ ನುಣುಪನ್ನು ಮತ್ತೆ ಮತ್ತೆ ಸವರುವುದನ್ನು ನೋಡಿ ಅದು ಅಲ್ಲೇ ನಿಂತಿತು. ಅವಳಿಗೆ ಸಂಕಟವಾಯಿತು, ಆದರೂ ನಕ್ಷೆ ಬಿಚ್ಚಿ ಅವರ ಮುಂದೆ ಹಿಡಿದಳು. ಅವರು ನೀಲಿಯನ್ನು ತಾವೇ ಅಳಿಸಿ, ಗುಲಾಬಿ ಬಳಿದು, ಕೆಳಗೆ ಸಹಿ ಹಾಕಿದರು.

ಇಬ್ಬರೂ ಸೇರಿ ಕಲ್ಲನ್ನು ಮೊದಲಿದ್ದ ಜಾಗಕ್ಕೆ ಮಲಗಿಸಿದ ಮೇಲೆ ಯೊನಾಶ್ ತಣ್ಣಗಾದ. ಮರದ ಬಟ್ಟಲಿನಲ್ಲಿ ಒಡೆದ ಕುರಿಹಾಲಿನ ಬಿಸಿ ತಿಳಿನೀರು ತಂದುಕೊಟ್ಟ. ಪ್ರೊಫೆಸರ್ ಒಂದು ಗುಟುಕು ಕುಡಿದು, ಉತ್ತರಕ್ಕೆ ಸಾಲಾಗಿ ನಿಂತಿದ್ದ ಹಸಿರು ನೆತ್ತಿಗಳತ್ತ ನೋಡಿದರು. ಇಂಥದೇ ಚುಕ್ಕೆಗಲ್ಲುಗಳನ್ನು ನಂಬಿ ಅವರು ತಮ್ಮ ಹಳೆಯ ನಕ್ಷೆಯಲ್ಲಿ ಅವೆಲ್ಲಕ್ಕೂ ನೀಲಿ ಬಳಿದಿದ್ದರು.

"ಆ ಕಡೇನೂ ದೊಡ್ಡಿಗಳಿವೆಯೇನಪ್ಪಾ?"

"ಇಲ್ದೆ ಏನು? ಹನ್ನೊಂದಿವೆ."

"ಎಲ್ಲದಕ್ಕೂ ಉಪ್ಪಿನ ಕಲ್ಲು ಕೆಳಗಿಂದಾನೇ ತಂದಿದ್ದಾ?"

"ಮತ್ತೆ? ಆಕಾಶದಿಂದ ಬೀಳುತ್ತಾ?"

ಪ್ರೊಫೆಸರ್ ಬಟ್ಟಲನ್ನು ಪೂರ್ತಿ ಖಾಲಿ ಮಾಡಿದರು. ಮಂಡಿಗೆ ಸುತ್ತಿದ್ದ ಪಟ್ಟಿಯನ್ನು ಬಿಚ್ಚಿ, ಹಲ್ಲು ಕಚ್ಚಿ, ಮತ್ತೆ ಬಿಗಿಯಾಗಿ ಕಟ್ಟಿಕೊಂಡರು. ಆಮೇಲೆ ಒಟೀಲಿಯಾಳತ್ತ ಕೈ ಚಾಚಿದರು.

"ಸನ್ನೆಕೋಲು ಇತ್ತ ಕೊಡು. ಆ ಹನ್ನೊಂದನ್ನ ನಾನೇ ಎತ್ತಬೇಕು."